ಗೆರೆ ಕಾದವರ ಹೆಸರು ಯಾರು ಬರೀಬೇಕು?

ನಮ್ಮ ಕಡೆ ಕಬಡ್ಡಿ ಪಂದ್ಯಾವಳಿ ಮುಗಿದ ಮರುದಿನ ಪೇಪರಿನಲ್ಲಿ ಬರುವ ಸುದ್ದಿಯನ್ನು ಒಮ್ಮೆ ಪೂರ್ತಿ ಓದಿ. ಸಾನ್ನಿಧ್ಯ ವಹಿಸಿದ ಸ್ವಾಮಿಗಳು, ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಬಹುಮಾನದ ಹಣ ಕೊಟ್ಟವರು, ಟ್ರೋಫಿ ಕೊಟ್ಟವರು, ವೇದಿಕೆ ಮೇಲಿದ್ದವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು. ಎಲ್ಲರ ಹೆಸರೂ ಇರುತ್ತದೆ. ಕೊನೆಗೆ ಒಂದು ಸಾಲು: ಇಂಥ ಊರಿನ ತಂಡ ಪ್ರಥಮ, ಇಂಥ ಊರಿನ ತಂಡ ದ್ವಿತೀಯ. ಮೊಣಕಾಲು ಕೆತ್ತಿಸಿಕೊಂಡು ರಾತ್ರಿ ಎರಡು ಗಂಟೆ ತನಕ ಆಡಿದ ಏಳು ಹುಡುಗರಲ್ಲಿ ಒಬ್ಬನ ಹೆಸರೂ ಅಲ್ಲಿಲ್ಲ. ಬಹಳ ಆದರೆ ಬೆಸ್ಟ್ ರೈಡರ್‌ನ ಹೆಸರು ಸಿಕ್ಕೀತು. ಅವನನ್ನು ಹಿಡಿದು ನೆಲಕ್ಕೆ ಹಾಕಿದ ಕಾರ್ನರ್ ಹುಡುಗನ ಹೆಸರು ಅವನ ಅವ್ವನಿಗೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ನಾವು ಹೆಸರು ಕಳಿಸುವುದಿಲ್ಲ ಅಂತಲ್ಲ. ಕಳಿಸುತ್ತೇವೆ. ನೂರು ಪದದ ಜಾಗದಲ್ಲಿ ಹೆಸರು ಹಿಡಿಸದಿದ್ದಾಗ ಡೆಸ್ಕಿನಲ್ಲಿ ಮೊದಲು ಕತ್ತರಿ ಬೀಳುವುದು ಆಟಗಾರರ ಹೆಸರಿಗೆ. ವೇದಿಕೆ ಮೇಲಿದ್ದವರ ಹೆಸರು ಬಿಟ್ಟರೆ ಬೆಳಗ್ಗೆ ಎಂಟಕ್ಕೆ ಫೋನ್ ಬರುತ್ತದೆ. ಕಾರ್ನರ್ ಹುಡುಗನ ಹೆಸರು ಬಿಟ್ಟರೆ ಯಾರೂ ಫೋನ್ ಮಾಡುವುದಿಲ್ಲ. ಇಷ್ಟೇ ಲೆಕ್ಕ.

ಇದು ಸಣ್ಣ ವಿಷಯ ಅನಿಸಬಹುದು. ನಮಗೆ ಹಾಗೆ ಅನಿಸುವುದಿಲ್ಲ. ಯಾಕೆ ಅಂತ ಹೇಳಲು ಸುಮಾರು ಎಂಬತ್ತು ವರ್ಷ ಹಿಂದಕ್ಕೆ, ಎರಡನೇ ಮಹಾಯುದ್ಧದ ಕಾಲಕ್ಕೆ ಹೋಗಬೇಕು.

ಆಗ ನಮ್ಮ ರಾಜ್ಯ ಈಗಿನಂತೆ ಒಂದಾಗಿರಲಿಲ್ಲ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಎಲ್ಲ ಮುಂಬೈ ಪ್ರಾಂತ್ಯದಲ್ಲಿದ್ದವು. ಬೆಂಗಳೂರು ಮೈಸೂರು ಸಂಸ್ಥಾನದ್ದು, ಆದರೆ ಅದರ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲಿತ್ತು. ದಂಡು ಇದ್ದಲ್ಲಿ ಸೋಲ್ಜರ್‌ಗಳು, ಸೋಲ್ಜರ್‌ಗಳು ಇದ್ದಲ್ಲಿ ಫುಟ್‌ಬಾಲ್. ಅವರು ಬೂಟು ಹಾಕಿಕೊಂಡು ಆಡುತ್ತಿದ್ದರು. ಸುತ್ತಲಿನ ಬಡಾವಣೆಗಳ ಹುಡುಗರು ಬರಿಗಾಲಲ್ಲಿ ಆಡಿ ಕಲಿತರು. ಕಲಿತದ್ದು ಎಷ್ಟರಮಟ್ಟಿಗೆ ಅಂದರೆ, 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂತು. 1891ರಿಂದ ನಡೆಯುತ್ತಿದ್ದ ಆ ಕಪ್ಪನ್ನು ಅಲ್ಲಿಯವರೆಗೆ ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ. ಮರುವರ್ಷ ಮತ್ತೆ ಅದೇ ತಂಡ ಗೆದ್ದಿತು.

ಅಷ್ಟರಲ್ಲಿ ಯುದ್ಧ ಶುರುವಾಯಿತು. 1940ರ ಒಲಿಂಪಿಕ್ಸ್ ರದ್ದು. 1944ರದ್ದೂ ರದ್ದು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ 1941ರಲ್ಲಿ ಶುರುವಾಗಿ ಕೂಡಲೇ ನಿಂತುಹೋಗಿ, 1944ರಲ್ಲಿ ಮತ್ತೆ ಹಿಡಿದುಕೊಂಡಿತು. ಆಟಗಾರನ ಕಾಲಿಗೆ ಒಳ್ಳೆಯ ವರ್ಷಗಳು ಅಂತ ಇರುವುದೇ ಹತ್ತು. ಇಪ್ಪತ್ತರ ಪ್ರಾಯದಲ್ಲಿ ಐದಾರು ವರ್ಷ ಕಳೆದುಕೊಂಡವರು ಎಷ್ಟು ಜನ ಇರಬಹುದು, ಯೋಚಿಸಿ. ಹೊಲದಲ್ಲಿ ಎರಡು ಮಳೆ ತಪ್ಪಿದರೆ ಏನಾಗುತ್ತದೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ.

ಯುದ್ಧ ಮುಗಿದ ಮೇಲೆ ಮೈಸೂರು ತಂಡ 1946-47ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1948ರಲ್ಲಿ ಸ್ವತಂತ್ರ ಭಾರತದ ತಂಡ ಲಂಡನ್ ಒಲಿಂಪಿಕ್ಸ್‌ಗೆ ಹೊರಟಾಗ ಅದರಲ್ಲಿ ಬೆಂಗಳೂರಿನ ಮೈದಾನಗಳಲ್ಲಿ ಬೆಳೆದವರ ಒಂದು ಗುಂಪೇ ಇತ್ತು: ಅಹ್ಮದ್ ಖಾನ್, ಎಸ್. ರಾಮನ್, ಧನರಾಜ್, ಬಷೀರ್, ಗೋಲ್‌ಕೀಪರ್ ಕೆ.ವಿ. ವರದರಾಜ್. ನಾಗಾ ಬೆಟ್ಟಗಳ ಟಿ. ಆವ್ ನಾಯಕ. 1948ರ ಜುಲೈ 31ರಂದು ಲಂಡನ್ ಪೂರ್ವಕ್ಕಿರುವ ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಎಪ್ಪತ್ತನೇ ನಿಮಿಷಕ್ಕೆ ರಾಮನ್ ಸಮ ಮಾಡಿದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಅದು. ಎರಡು ಪೆನಾಲ್ಟಿ ಸಿಕ್ಕಿದರೂ ನಮ್ಮವರು ಕೈಬಿಟ್ಟರು. ಕೊನೆ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು.

ಈ ಪಂದ್ಯದ ಬಗ್ಗೆ ಏನೇ ಓದಿದರೂ ಮೂರು ಸಂಗತಿ ಸಿಗುತ್ತವೆ: ಬರಿಗಾಲು, ರಾಮನ್ ಗೋಲು, ತಪ್ಪಿದ ಪೆನಾಲ್ಟಿ. ಅಹ್ಮದ್ ಖಾನ್ ಬಗ್ಗೆಯೂ ಬೇಕಾದಷ್ಟು ಇದೆ. ಇರಲೇಬೇಕು. 1926ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಈ ಮನುಷ್ಯ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿ, ಅಲ್ಲಿನ ಐದು ಮಂದಿ ಮುಂಚೂಣಿ ಆಟಗಾರರಲ್ಲಿ ಒಬ್ಬರಾಗಿ 'ಪಂಚ ಪಾಂಡವರು' ಅಂತ ಹೆಸರಾದರು. 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಎದುರು ಭಾರತ 10-1ರಿಂದ ಸೋತಾಗ ಆ ಒಂದು ಗೋಲು ಅಹ್ಮದ್ ಖಾನರದ್ದೇ. 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಆದರೆ ಇಲ್‌ಫರ್ಡ್‌ನಲ್ಲಿ ಬೂಟುಗಾಲಿನ ಫ್ರೆಂಚರು ನುಗ್ಗಿ ಬರುವಾಗ ಗೋಲಿನ ಮುಂದೆ ನಿಂತವರು ವರದರಾಜ್. ತೊಂಬತ್ತು ನಿಮಿಷದಲ್ಲಿ ಎಷ್ಟು ಹೊಡೆತ ತಡೆದರು? ಯುದ್ಧದ ವರ್ಷಗಳಲ್ಲಿ ಎಲ್ಲಿ ಆಡುತ್ತಿದ್ದರು, ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು, ಬೆರಳು ಎಷ್ಟು ಸಲ ಮುರಿಯಿತು? ಕನ್ನಡದಲ್ಲಿ ಒಂದು ಮಗು ಓದಿ ತಿಳಿಯುವಂಥ ನಾಲ್ಕು ಪುಟ ಎಲ್ಲಿದೆ? ಒಲಿಂಪಿಕ್ಸ್‌ಗೆ ಹೋದ ಗೋಲ್‌ಕೀಪರ್ ಕಥೆಯೇ ಹೀಗಾದರೆ, ನಿಮ್ಮೂರಿನ ಕಾರ್ನರ್ ಹುಡುಗನ ಕಥೆ ಏನು?

ಇದಕ್ಕೆ ನಮ್ಮಲ್ಲಿ ಒಂದು ಸಿದ್ಧ ಉತ್ತರ ಇದೆ: 'ತಡೆಯೋರಿಗೆ ಎಲ್ಲಿ ಹೆಸರು ಇರ್ತೈತ್ರಿ, ಲೋಕಾನ ಹಂಗ.' ಲೋಕವೆಲ್ಲ ಹಾಗಿಲ್ಲ. ಅದಕ್ಕೇ ಅಮೆರಿಕದ ಒಬ್ಬ ಮನುಷ್ಯನ ಕಥೆ ಹೇಳುತ್ತೇವೆ. ಅದೇ ಯುದ್ಧಕಾಲ, ಆದರೆ ಆಟ ಬೇರೆ.

ಅಮೆರಿಕದವರು ಫುಟ್‌ಬಾಲ್ ಅನ್ನುವುದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗಡಿ ದಾಟಿಸುವ ಆಟ. ಒಂದು ತಂಡಕ್ಕೆ ಹನ್ನೊಂದು ಜನ. ಚೆಂಡು ಎಸೆಯುವವನು, ಹಿಡಿಯುವವನು, ಹಿಡಿದುಕೊಂಡು ಓಡುವವನು, ಇವರು ನಮ್ಮ ರೈಡರ್ ಇದ್ದ ಹಾಗೆ. ಇವರ ಮುಂದೆ ಗೋಡೆಯಂತೆ ಸಾಲಾಗಿ ಬಗ್ಗಿ ನಿಲ್ಲುವ ದೈತ್ಯರಿಗೆ ಲೈನ್‌ಮನ್ ಅನ್ನುತ್ತಾರೆ. (ನಮ್ಮ ಕಡೆ ಲೈನ್‌ಮನ್ ಅಂದರೆ ಕಂಬ ಹತ್ತುವ ಹೆಸ್ಕಾಂನವರು. ಒಂದು ಲೆಕ್ಕಕ್ಕೆ ಅದೂ ಸರಿಯೇ: ಕರೆಂಟ್ ಹೋದಾಗ ಮಾತ್ರ ಅವರ ನೆನಪು.) ಈ ಲೈನ್‌ಮನ್ ಇಡೀ ಪಂದ್ಯದಲ್ಲಿ ಚೆಂಡು ಮುಟ್ಟದೇ ಇರಬಹುದು. ಎದುರಿನವನನ್ನು ಎದೆಯಿಂದ, ತೋಳಿನಿಂದ ತಡೆಯುವುದು, ಹಿಂದಿನವನಿಗೆ ದಾರಿ ಮಾಡಿಕೊಡುವುದು, ಬೀಳುವುದು, ಏಳುವುದು, ಮತ್ತೆ ಬಗ್ಗಿ ನಿಲ್ಲುವುದು ಅವನ ಕೆಲಸ. ಅಂಕಪಟ್ಟಿಯಲ್ಲಿ ಅವನ ಹೆಸರಿಗೆ ಜಾಗವೇ ಇಲ್ಲ.

ಅಂಥವನೊಬ್ಬ ಅಲ್ ಬ್ಲೋಜಿಸ್. 1919ರಲ್ಲಿ ನ್ಯೂಜೆರ್ಸಿಯ ಗಾರ್ಫೀಲ್ಡ್ ಎಂಬ ಊರಿನಲ್ಲಿ ಹುಟ್ಟಿದವನು. ತಂದೆ ತಾಯಿ ಲಿಥುವೇನಿಯದಿಂದ ವಲಸೆ ಬಂದವರು. ಎತ್ತರ ಆರೂವರೆ ಅಡಿ, ತೂಕ ನೂರಾ ಹತ್ತು ಕಿಲೋ ಮೇಲೆ. ಜಾರ್ಜ್‌ಟೌನ್ ಕಾಲೇಜಿನಲ್ಲಿ ಇರುವಾಗ ಗುಂಡು ಎಸೆತದಲ್ಲಿ ದೇಶಕ್ಕೇ ಹೆಸರಾದ. ಬಹುಶಃ 1940ರ ಒಲಿಂಪಿಕ್ಸ್ ನಡೆದಿದ್ದರೆ ಅವನ ದಾರಿಯೇ ಬೇರೆ ಇರುತ್ತಿತ್ತು. ನಡೆಯಲಿಲ್ಲ. 1942ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಸೇರಿ ಸಂಬಳಕ್ಕೆ ಆಡತೊಡಗಿದ. ಲೈನಿನ ಹೊರತುದಿ ಕಡೆ ನಿಲ್ಲುವ ಟ್ಯಾಕಲ್ ಅವನ ಜಾಗ. 1943ಕ್ಕೆಲ್ಲ ಆ ಜಾಗದಲ್ಲಿ ದೇಶದ ಅತ್ಯುತ್ತಮರಲ್ಲಿ ಒಬ್ಬ ಅಂತ ಆರಿಸಿದರು.

ಆ ವರ್ಷಗಳಲ್ಲಿ ಆಟ ಹೇಗೆ ನಡೆಯುತ್ತಿತ್ತು ಅನ್ನುವುದೂ ಒಂದು ಕಥೆಯೇ. ಗಟ್ಟಿಮುಟ್ಟಾದವರೆಲ್ಲ ಸೇನೆಗೆ ಹೋಗಿ ತಂಡಗಳಿಗೆ ಜನವೇ ಸಿಗದಂತಾಯಿತು. ಕ್ಲೀವ್‌ಲ್ಯಾಂಡ್ ತಂಡ 1943ರಲ್ಲಿ ಬಾಗಿಲು ಹಾಕಿಕೊಂಡಿತು. ಫಿಲಡೆಲ್ಫಿಯದ ಈಗಲ್ಸ್, ಪಿಟ್ಸ್‌ಬರ್ಗ್‌ನ ಸ್ಟೀಲರ್ಸ್ ಎರಡೂ ಸೇರಿ ಆ ವರ್ಷ ಒಂದೇ ತಂಡವಾಗಿ ಆಡಿದವು. ಜನ ತಮಾಷೆಗೆ ಅದನ್ನು 'ಸ್ಟೀಗಲ್ಸ್' ಅಂದರು. ಒಂದು ಕಿವಿ ಕೇಳದವನು, ಒಂದು ಕಣ್ಣು ಕಾಣದವನು, ಹೀಗೆ ಸೇನೆ ಬೇಡವೆಂದವರೇ ಬಹಳ ಮಂದಿ. ತಂಡದವರೆಲ್ಲ ಹಗಲು ಯುದ್ಧಸಾಮಗ್ರಿ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯಲೇಬೇಕು, ಸಂಜೆ ಬಂದು ಅಭ್ಯಾಸ ಮಾಡಬೇಕು ಅಂತ ಕಟ್ಟಳೆ. ಹಾಗಿದ್ದೂ ಐದು ಪಂದ್ಯ ಗೆದ್ದು, ನಾಲ್ಕು ಸೋತು, ಒಂದು ಸಮ ಮಾಡಿಕೊಂಡರು. ಮೊದಲು ಅದೇ ಹನ್ನೊಂದು ಜನ ದಾಳಿಯನ್ನೂ ರಕ್ಷಣೆಯನ್ನೂ ಮಾಡಬೇಕಿತ್ತು. ಜನ ಕಡಿಮೆಯಾದ್ದರಿಂದ ಯಾವಾಗ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದು ಅಂತ ನಿಯಮ ಸಡಿಲಿಸಿದ್ದು ಆ ವರ್ಷವೇ. ತಲೆಗೆ ಹೆಲ್ಮೆಟ್ ಕಡ್ಡಾಯ ಆದದ್ದೂ ಆ ವರ್ಷವೇ. ಅಂದರೆ ಅದಕ್ಕೂ ಮುಂಚೆ ಬರಿತಲೆಯಲ್ಲಿ ಆಡಿದರೂ ಯಾರೂ ಕೇಳುತ್ತಿರಲಿಲ್ಲ.

ಬ್ಲೋಜಿಸ್‌ಗೆ ಸೇನೆಗೆ ಹೋಗುವ ಹಟ. ಆದರೆ ಸೈನ್ಯದ ಅಳತೆಗೆ ಅವನು ದೊಡ್ಡವನಾದ. ಒಳಗೆ ಸೇರಿಸಿಕೊಂಡ ಮೇಲೂ ವ್ಯಾಯಾಮ ಕಲಿಸುವಂಥ ಕೆಲಸಕ್ಕೆ ಹಾಕಿದರು. ಅವನು ಬಿಡಲಿಲ್ಲ. ಬೆನ್ನುಹತ್ತಿ ವಿನಾಯಿತಿ ಪಡೆದು ಕಾಲಾಳು ಪಡೆಯ ಅಧಿಕಾರಿಯಾದ. ತರಬೇತಿಯಲ್ಲಿ ಕೈಬಾಂಬನ್ನು 94 ಗಜಕ್ಕೂ ದೂರ ಎಸೆದ. ಅದು ಅಮೆರಿಕ ಸೇನೆಯ ದಾಖಲೆ ಅಂತ ಆಗ ಪತ್ರಿಕೆಗಳು ಬರೆದವು. 1944ರ ಡಿಸೆಂಬರ್ 17ರಂದು, ರಜೆ ಮೇಲೆ ಬಂದು, ಜೈಂಟ್ಸ್ ಪರವಾಗಿ ಚಾಂಪಿಯನ್‌ಶಿಪ್ ಫೈನಲ್ ಆಡಿದ. ಗ್ರೀನ್‌ ಬೇ ತಂಡ 14-7ರಿಂದ ಗೆದ್ದಿತು.

ಒಂದೂವರೆ ತಿಂಗಳ ನಂತರ, 1945ರ ಜನವರಿ 31. ಫ್ರಾನ್ಸಿನ ವೋಜ್ ಬೆಟ್ಟಗಳು, ಮೊಣಕಾಲು ಮುಳುಗುವ ಹಿಮ. ಗಸ್ತಿಗೆ ಹೋಗಿದ್ದ ಅವನ ತುಕಡಿಯಲ್ಲಿ ಇಬ್ಬರು ಹಿಂದಿರುಗಲಿಲ್ಲ. ಹುಡುಕಿಕೊಂಡು ಬರುತ್ತೇನೆಂದು ಲೆಫ್ಟಿನೆಂಟ್ ಬ್ಲೋಜಿಸ್ ಒಬ್ಬನೇ ಹೋದ. ಅವನೂ ಬರಲಿಲ್ಲ. ಮೊದಲು ಕಾಣೆಯಾದವರ ಪಟ್ಟಿಗೆ ಸೇರಿಸಿದರು, ಆಮೇಲೆ ಸತ್ತವರ ಪಟ್ಟಿಗೆ. ಇಪ್ಪತ್ತಾರು ವಯಸ್ಸು. ಆ ಲೀಗಿನಿಂದ ಯುದ್ಧಕ್ಕೆ ಹೋಗಿ ಸತ್ತವರು ಇಪ್ಪತ್ತಕ್ಕೂ ಹೆಚ್ಚು.

ಅವನು ಹೋದದ್ದು ತಡೆಯುವವರು ಮಾಡುವ ಕೆಲಸವನ್ನೇ ಮಾಡಲು. ಹಿಂದಿನವರಿಗಾಗಿ ಮುಂದೆ ಹೋದ. ಇದನ್ನು ದೇಶಭಕ್ತಿಯ ಭಾಷಣ ಮಾಡುವವರಿಗೆ ಬಿಡೋಣ. ನಮ್ಮ ಕಣ್ಣಿಗೆ ಬಿದ್ದದ್ದು ಬೇರೆ. ಮೂರು ಸೀಸನ್ನೂ ಪೂರ್ತಿ ಆಡದ, ಚೆಂಡು ಮುಟ್ಟದ ಜಾಗದಲ್ಲಿ ನಿಂತ ಈ ಮನುಷ್ಯನ ಅಂಗಿಯ ಅಂಕಿ 32 ಅನ್ನು ಜೈಂಟ್ಸ್ ತಂಡ ಇವತ್ತಿಗೂ ಬೇರೆ ಯಾರಿಗೂ ಕೊಡುವುದಿಲ್ಲ. ಎಲ್ಲಿ ಹುಟ್ಟಿದ, ಎಷ್ಟು ಉದ್ದ, ಎಷ್ಟು ತೂಕ, ಯಾವ ವರ್ಷ ಯಾವ ಪಂದ್ಯ, ಎಲ್ಲವೂ ಬರೆದಿಟ್ಟದ್ದು ಸಿಗುತ್ತದೆ. ಅವನೊಬ್ಬನದೇ ಅಲ್ಲ. ಒಂದೇ ಒಂದು ಪಂದ್ಯ ಆಡಿ ಮನೆಗೆ ಹೋದ ಲೈನ್‌ಮನ್‌ಗೂ ಅಲ್ಲಿ ಒಂದು ಸಾಲಿದೆ. ಅಮೆರಿಕದವರ ಬಳಿ ದುಡ್ಡಿತ್ತು ಅದಕ್ಕೇ ಅಂತ ಕೆಲವರು ಅನ್ನುತ್ತಾರೆ. ಪಂದ್ಯದ ದಿನ ಹನ್ನೊಂದು ಹೆಸರು ಬರೆದುಕೊಳ್ಳಲು ಎಷ್ಟು ದುಡ್ಡು ಬೇಕು?

ಅದೇ ಚಳಿಗಾಲದಲ್ಲಿ ಬೆಳಗಾವಿಯಲ್ಲಿ ತರಬೇತಾದ ಮರಾಠಾ ಲಘು ಪದಾತಿ ದಳದವರು ಇಟಲಿಯಲ್ಲಿ ಹೋರಾಡುತ್ತಿದ್ದರು. ನಮ್ಮ ಓದುಗರ ಮನೆಗಳಲ್ಲೂ ಅಜ್ಜನದೋ ಮುತ್ತಜ್ಜನದೋ ಮೆಡಲ್ ಇದ್ದೀತು. ಸೈನಿಕರಾಗಿ ಅವರ ಹೆಸರು ದಂಡಿನ ರಿಜಿಸ್ಟರಿನಲ್ಲಿದೆ. ಪೈಲ್ವಾನರಾಗಿ, ಆಟಗಾರರಾಗಿ ಅವರು ಯಾರಾಗಿದ್ದರು ಅನ್ನುವುದಕ್ಕೆ ರಿಜಿಸ್ಟರೇ ಇರಲಿಲ್ಲ.

ನಮ್ಮ ಕಡೆ ದಾಖಲೆ ಉಳಿದ ಉದಾಹರಣೆ ಇಲ್ಲವೇ ಇಲ್ಲ ಅಂತಲ್ಲ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರಲ್ಲಿ, ಮೊದಲ ಮಹಾಯುದ್ಧದ ಹೊಗೆ ಆರುವ ಮೊದಲೇ, ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವರಾಗಿ ಬಂದರು. ಎರಡು ಗಂಟೆ ಐವತ್ತು ನಿಮಿಷ. ನಮಗೆ ಇದು ಗೊತ್ತಿರುವುದು ಅಲ್ಲಿ ಒಬ್ಬರು ಗಡಿಯಾರ ಹಿಡಿದು ಬರೆದುಕೊಂಡಿದ್ದರಿಂದ. ಅದೇ ಚೌಗುಲೆ ಬೆಳಗಾವಿ ಸುತ್ತಮುತ್ತ ಬೆಳಗಿನ ಜಾವ ಎಷ್ಟು ಮೈಲಿ ಓಡಿ ತಯಾರಾದರು, ಯಾರ ಜೊತೆ ಓಡಿದರು ಅನ್ನುವುದು ಇದಕ್ಕಿಂತ ದೊಡ್ಡ ಕಥೆ ಆಗಿದ್ದೀತು.

ಈಗ ನಮ್ಮ ಕಾಲದ ಮಾತಿಗೆ ಬರೋಣ. ರಾಜ್ಯ ಸರ್ಕಾರದ ಕ್ರೀಡಾ ಇಲಾಖೆಯಿಂದ ಮಾಜಿ ಕುಸ್ತಿಪಟುಗಳಿಗೆ ಮಾಸಾಶನ ಇದೆ. ಒಳ್ಳೆಯ ಯೋಜನೆ. ಆದರೆ ಅರ್ಜಿ ಜೊತೆ ಆಡಿದ್ದಕ್ಕೆ ಪುರಾವೆ ಬೇಕು. ಜಾತ್ರೆ ಜಾತ್ರೆಗೆ ಹೋಗಿ ಕಣದಲ್ಲಿ ಮಣ್ಣು ಮೆತ್ತಿಕೊಂಡು ಕುಸ್ತಿ ಹಿಡಿದ ಮನುಷ್ಯ ಪುರಾವೆ ಎಲ್ಲಿಂದ ತರಬೇಕು? 'ಬೆಳ್ಳಿ ಕಡೆ ಐತ್ರೀ ಸರ, ಕಾಗದ ಇಲ್ರಿ' ಎಂಬ ಮಾತನ್ನು ನಾವು ಒಂದಲ್ಲ, ಹಲವು ಊರುಗಳಲ್ಲಿ ಕೇಳಿದ್ದೇವೆ. ಆ ದಿನದ ಪೇಪರ್ ಸಿಕ್ಕರೂ ಅದರಲ್ಲಿ ಕುಸ್ತಿಗೆ ಚಾಲನೆ ಕೊಟ್ಟವರ ಹೆಸರಿದೆ, ಗೆದ್ದವರ ಹೆಸರಿಲ್ಲ. ಇನ್ನು ಸೋತವರ ಮಾತು ಬಿಡಿ. ಗೆದ್ದ ಪೈಲ್ವಾನ ಎಷ್ಟು ದೊಡ್ಡವನು ಅಂತ ಗೊತ್ತಾಗುವುದೇ ಸೋತವನು ಯಾರು ಅನ್ನುವುದರಿಂದ ಅಲ್ಲವೇ?

ಅಂದರೆ ಪೇಪರಿನಲ್ಲಿ ಹೆಸರು ಬಿಡುವುದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಎಪ್ಪತ್ತು ದಾಟಿದ ಮೇಲೆ ಔಷಧಿಗೆ ಸಿಗುವ ದುಡ್ಡಿನ ಪ್ರಶ್ನೆ. ಇವತ್ತು ಆಡುವ ಹುಡುಗರಿಗೂ ಅಷ್ಟೇ: ಕ್ರೀಡಾ ಕೋಟಾದ ಸೀಟು, ರೈಲ್ವೆ ಪೊಲೀಸ್ ನೇಮಕಾತಿ, ಎಲ್ಲ ಕಡೆ ಕೇಳುವುದು ಕಾಗದವನ್ನೇ. ಸರ್ಟಿಫಿಕೇಟ್ ಕೊಡದೆ ಬರೀ ಟ್ರೋಫಿ ಕೊಟ್ಟು ಕಳಿಸುವ ಪಂದ್ಯಾವಳಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಟ್ರೋಫಿ ಯುವಕ ಸಂಘದ ಕಪಾಟಿನಲ್ಲಿ ಧೂಳು ಹಿಡಿದು ಕೂತಿರುತ್ತದೆ, ಮೇಲೆ ದಾನಿಗಳ ಹೆಸರು ಕೆತ್ತಿರುತ್ತದೆ.

ನಾವು ಇಲ್ಲಿ ವಿದ್ಯಾನಗರದಲ್ಲಿ ಕೂತು ಇದನ್ನು ಬರೆಯುತ್ತಿದ್ದೇವೆ. ಸುತ್ತ ಕಾಲೇಜುಗಳೇ. ಬೆಳಗ್ಗೆ ಆರಕ್ಕೆ ಮೈದಾನದ ಕಡೆ ಹೋದರೆ ಕುಂದಗೋಳ, ಕಲಘಟಗಿ, ನವಲಗುಂದದ ಹಳ್ಳಿಗಳಿಂದ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗ ಹುಡುಗಿಯರು ಓಡುತ್ತಿರುತ್ತಾರೆ. ಹಳೆಯ ಕಾಲೇಜುಗಳ ವರಾಂಡದಲ್ಲಿ ಹಳೆಯ ತಂಡಗಳ ಫೋಟೊ ತೂಗುಹಾಕಿರುತ್ತಾರೆ, ನೋಡಿರಬಹುದು. ಕುರ್ಚಿ ಮೇಲೆ ಕೂತ ಪ್ರಿನ್ಸಿಪಾಲರು, ಪಿ.ಟಿ. ಮಾಸ್ತರರು, ಕ್ಯಾಪ್ಟನ್, ಇವರ ಹೆಸರು ಸ್ಪಷ್ಟ. ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತ ದಪ್ಪ ತೋಳಿನ ಹುಡುಗರ ಕೆಳಗೆ ಅಕ್ಷರ ಗೆದ್ದಲು ತಿಂದಿರುತ್ತದೆ, ಇಲ್ಲವೇ ಬರೆದೇ ಇರುವುದಿಲ್ಲ. ಅವರೇ ಬಹುಪಾಲು ಆ ತಂಡದ ಲೈನ್‌ಮನ್‌ಗಳು.

ಪಂದ್ಯಾವಳಿ ನಡೆಸುವವರಿಗೆ ನಮ್ಮದೊಂದು ಮಾತು. ಎಂಟ್ರಿ ಫೀ ತಗೊಳ್ಳುವಾಗ ಒಂದು ಹಾಳೆ ಕೊಡಿ. ಆಟಗಾರನ ಪೂರ್ತಿ ಹೆಸರು, ತಂದೆ ಅಥವಾ ತಾಯಿಯ ಹೆಸರು, ಊರು, ಆಡುವ ಜಾಗ. ಅದರ ಫೋಟೊ ಹೊಡೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಹಾಳೆಯನ್ನು ಗ್ರಾಮ ಪಂಚಾಯ್ತಿ ಗ್ರಂಥಾಲಯಕ್ಕೆ ಕೊಡಿ. ಆಹ್ವಾನ ಪತ್ರಿಕೆಯಲ್ಲಿ ಅತಿಥಿಗಳ ಹೆಸರು ಅಚ್ಚು ಹಾಕಿಸಲು ಖರ್ಚು ಮಾಡುವವರಿಗೆ ಇದು ಭಾರವಲ್ಲ. ಪೇಪರಿನವರು ಜಾಗ ಇಲ್ಲ ಅಂದರೆ ಬಿಡಿ. ಈ ಬ್ಲಾಗ್‌ನಲ್ಲಿ ಜಾಗಕ್ಕೆ ಕೊರತೆ ಇಲ್ಲ. ಅತಿಥಿಗಳ ಹೆಸರು ಕಳಿಸಬೇಡಿ, ಏಳು ಜನರ ಹೆಸರು ಕಳಿಸಿ. ಸೋತ ತಂಡದ ಏಳು ಹೆಸರನ್ನೂ ಸೇರಿಸಿ. ಹಾಕುತ್ತೇವೆ.

ಮನೆಯಲ್ಲಿ ಅಜ್ಜನ ಕಾಲದ ಕುಸ್ತಿ, ಹುತುತು, ವಾಲಿಬಾಲ್, ಹಾಕಿ ಫೋಟೊ ಇದ್ದರೆ ಈ ಹಬ್ಬದೊಳಗೆ ಹಿರಿಯರ ಮುಂದೆ ಇಡಿ. ಹೆಸರು ಗೊತ್ತಿರುವವರು ಇನ್ನೂ ಒಬ್ಬಿಬ್ಬರು ಇರುತ್ತಾರೆ. ನಿಂತವರು ಎಡದಿಂದ ಬಲಕ್ಕೆ ಅಂತ ಶುರು ಮಾಡಿ ಕೇಳಿ. 'ಇಂವಾ ಯಾರ್ಯಪಾ...' ಅಂತ ತಡೆದರೆ ಅವಸರ ಮಾಡಬೇಡಿ, ಚಹಾ ಕುಡಿದ ಮೇಲೆ ನೆನಪಾಗುತ್ತದೆ. ಬರೆಯುವುದು ಫೋಟೊ ಹಿಂದೆ, ಪೆನ್ಸಿಲ್‌ನಿಂದ, ಹಗುರ ಕೈಯಲ್ಲಿ. ಬಾಲ್ ಪೆನ್ ಒತ್ತಿದರೆ ಮುಂದಿನ ಮುಖಗಳ ಮೇಲೆ ಗೆರೆ ಮೂಡುತ್ತದೆ.